ಶೇಂಗಾದ ಮಿತ್ರ ರೇಷ್ಮೆಗೆ ಮಿತ್ತಾಗದಿರಲಿ

ಮುಂಗಾರು ಕಾಲಿಟ್ಟಿತೆಂದರೆ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಕೆಂಪು ಮಣ್ಣಿನಲ್ಲಿ ಕಣ್ಣು ಹಾಯಿಸಿದಷ್ಟೂ ಶೇಂಗಾ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಕಾಣುವ, ಅದನ್ನೂ ಬೇಕಾದ ಹೊತ್ತಿಗೆ ಕಾಣದ ಸೀಮೆ ಇದು. ಮಳೆಯನ್ನೇ ನಂಬಿದವರಿಗೆ ಶೇಂಗಾ, ಅದರ ನಡುವೆ ಅಕ್ಕಡಿಗೆ ತೊಗರಿ, ಹರಳು. ಕೊಳವೆಬಾವಿಯಲ್ಲಿ ಒಂದಿಷ್ಟು ನೀರು ಉಳಿದವರಿಗೆ ಈರುಳ್ಳಿ, ದಾಳಿಂಬೆ, ಹಿಪ್ಪುನೇರಳೆ. ಮೊಳಕಾಲ್ಮುರು ಎಂದರೆ ಸೀರೆ ನೆನಪಾಗುವ ನಾಡಿನಲ್ಲಿ ರೇಷ್ಮೆ ಬರೀ ಮಗ್ಗದ ಮಾತಲ್ಲ, ಹೊಲದ ಮಾತೂ ಹೌದು. ಹೀಗೆ ಒಂದೇ ಬದುವಿನ ಈಚೆಗೆ ಎಲೆ ತಿನ್ನುವ ಹುಳುಗಳನ್ನು ಹೇಗೆ ಕೊಲ್ಲುವುದೆಂಬ ಚಿಂತೆ, ಆಚೆಗೆ ಎಲೆ ತಿನ್ನುವ ಹುಳುಗಳನ್ನು ಹೇಗೆ ಬದುಕಿಸುವುದೆಂಬ ಚಿಂತೆ. ರಾಸಾಯನಿಕ ಕೀಟನಾಶಕ ಬಿಟ್ಟು ಪೀಡೆಗಳ ಸಹಜ ಶತ್ರುಗಳನ್ನು ಬಳಸಿ ಎಂಬ ಸಲಹೆ ಈಗ ಎಲ್ಲ ಕಡೆಯಿಂದ ಬರುತ್ತಿದೆ. ಅದು ಒಳ್ಳೆಯ ಸಲಹೆ, ನಾನೂ ಅದರ ಪರವಾಗಿಯೇ ಇದ್ದೇನೆ. ಆದರೆ ಯಾವ ಶತ್ರುವನ್ನು ಆರಿಸಬೇಕು ಎಂಬುದನ್ನು ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಮಾಡಿ ತೀರ್ಮಾನಿಸಲಾಗದು. ಈ ಎರಡು ತಾಲ್ಲೂಕುಗಳಲ್ಲಂತೂ ಪಟ್ಟಿಯ ಪ್ರತಿ ಹೆಸರನ್ನೂ ಮೊದಲು ರೇಷ್ಮೆಹುಳುವಿನ ಮುಂದೆ ಇಟ್ಟು ನೋಡಬೇಕು.

ಈ ಎಚ್ಚರ ಏಕೆ ಬೇಕು ಎಂಬುದಕ್ಕೆ ಉತ್ತರ ಜೈವಿಕ ಕೀಟನಾಶಕಗಳ ಹುಟ್ಟಿನಲ್ಲೇ ಇದೆ. ಗೊಬ್ಬರದ ಅಂಗಡಿಗಳಲ್ಲಿ ಪುಡಿಯಾಗಿ, ದ್ರಾವಣವಾಗಿ ಸಿಗುವ ಬಿವೇರಿಯಾ ಬಾಸಿಯಾನ ಎಂಬ ಶಿಲೀಂಧ್ರದ ಹೆಸರಿನಲ್ಲಿರುವ ಬಾಸಿ ಇಟಲಿಯ ಅಗೊಸ್ಟಿನೊ ಬಾಸಿ. ಅಲ್ಲಿಯ ರೇಷ್ಮೆ ಸಾಕಣೆಯನ್ನು ಹಾಳುಗೆಡವುತ್ತಿದ್ದ ರೋಗಕ್ಕೆ ಕಣ್ಣಿಗೆ ಕಾಣದ ಒಂದು ಜೀವಿಯೇ ಕಾರಣ ಎಂದು ಆತ 1835ರಲ್ಲಿ ತೋರಿಸಿಕೊಟ್ಟ. ಪ್ರಾಣಿಗಳ ರೋಗಕ್ಕೆ ಸೂಕ್ಷ್ಮಜೀವಿ ಕಾರಣವಾಗಬಲ್ಲದು ಎಂಬುದು ಮೊದಲು ಸಾಬೀತಾದದ್ದೇ ರೇಷ್ಮೆಹುಳುವಿನಲ್ಲಿ. ನಮ್ಮ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ಎಂದು ಕರೆಯುವ ರೋಗ ಅದೇ. ಇನ್ನು ಬಿಟಿ ಎಂದು ಎಲ್ಲರಿಗೂ ಗೊತ್ತಿರುವ ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಅದನ್ನು ಬೇರ್ಪಡಿಸಿದ್ದು ಸಾಯುತ್ತಿದ್ದ ರೇಷ್ಮೆಹುಳುಗಳಿಂದ. ಹತ್ತು ವರ್ಷಗಳ ಬಳಿಕ ಜರ್ಮನಿಯ ಬರ್ಲಿನರ್ ಅದನ್ನು ಹಿಟ್ಟಿನ ಪತಂಗದಲ್ಲಿ ಕಂಡ, ಮುಂದೆ ಈಗಿನ ಹೆಸರು ಕೊಟ್ಟವನೂ ಆತನೇ. ಜಗತ್ತಿನಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಎರಡು ಜೈವಿಕ ಕೀಟನಾಶಕಗಳು ಮೊದಲು ಪತ್ತೆಯಾದದ್ದು ರೇಷ್ಮೆಹುಳುವಿನ ಕೊಲೆಗಾರರಾಗಿ. ಬೆಳೆ ರಕ್ಷಣೆಯ ಪಟ್ಟಿಗೆ ಅವು ಸೇರಿದ್ದು ಆಮೇಲೆ. ತೊಗರಿಯ ಕಾಯಿಕೊರಕಕ್ಕೂ ಶೇಂಗಾದ ಎಲೆ ತಿನ್ನುವ ಹುಳುವಿಗೂ ಬಿಟಿ ಸಿಂಪಡಿಸಿ ಎನ್ನುವಾಗ ಪಕ್ಕದ ಹಿಪ್ಪುನೇರಳೆಯ ಮಾತು ಜೊತೆಗೇ ಬರದಿದ್ದರೆ ಆ ಸಲಹೆ ಅರ್ಧ ಸಲಹೆ. ಗಾಳಿಯಲ್ಲಿ ತೇಲಿ ಬಂದ ಹನಿ ಸೊಪ್ಪಿನ ಮೇಲೆ ಕೂತು, ಆ ಸೊಪ್ಪು ಅದೇ ದಿನ ಹುಳು ಮನೆ ಸೇರಿದರೆ, ತಿಂದ ಹುಳು ಮೇವು ಬಿಟ್ಟು, ವಾಂತಿ ಮಾಡಿ, ಕೈಕಾಲು ಬಿದ್ದಂತಾಗಿ ಸಾಯುತ್ತದೆ.

ಶಿಲೀಂಧ್ರದ ವಿಷಯವನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಒಣ ಸೀಮೆಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಶಿಲೀಂಧ್ರದ ಬೀಜಕ ಹುಳುವಿನ ಮೈಮೇಲೆ ಬಿದ್ದು, ಮೊಳೆತು, ಚರ್ಮ ಕೊರೆದು ಒಳಗಿಳಿಯಬೇಕು. ಅದಕ್ಕೆ ಗಾಳಿಯಲ್ಲಿ ಒಳ್ಳೆಯ ತೇವ ಬೇಕು. ಧಾರವಾಡದ ಕಡೆ ಮೋಡ ಮುಚ್ಚಿದ ಆಗಸ್ಟಿನಲ್ಲಿ, ದಟ್ಟವಾಗಿ ಬೆಳೆದ ಸೋಯಾ, ಶೇಂಗಾ ಹೊಲಗಳಲ್ಲಿ ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರ ತಾನಾಗಿಯೇ ಹಬ್ಬಿ ಎಲೆ ತಿನ್ನುವ ಹುಳುಗಳನ್ನು ಮಲಗಿಸಿಬಿಡುತ್ತದೆ. ಸತ್ತ ಹುಳುಗಳು ಎಲೆಗೆ ಅಂಟಿಕೊಂಡು ಮೊದಲು ಬಿಳಿ, ಆಮೇಲೆ ತಿಳಿಹಸಿರು ಪುಡಿ ಬಳಿದಂತೆ ಕಾಣುತ್ತವೆ. ಚಳ್ಳಕೆರೆಯ ಬಿಸಿಲು, ಬೀಸುಗಾಳಿ, ನಡುವೆ ಮಣ್ಣು ಕಾಣುವಂತೆ ನಿಂತ ಮಳೆಯಾಶ್ರಿತ ಶೇಂಗಾ ಇದಕ್ಕೆ ಅನುಕೂಲವಲ್ಲ. ಹಾಗಾದರೆ ಅಪಾಯವೂ ಕಡಿಮೆ ತಾನೆ ಎಂದು ಯಾರಾದರೂ ಕೇಳಬಹುದು. ಕಡಿಮೆ ಅಲ್ಲ. ಹೊಲದಲ್ಲಿ ಇಲ್ಲದ ತೇವವನ್ನು ಹುಳು ಮನೆಯಲ್ಲಿ ರೈತನೇ ಕಷ್ಟಪಟ್ಟು ಉಂಟುಮಾಡುತ್ತಾನೆ. ಚಾಕಿ ಹುಳುವಿಗೆ ಶೇಕಡ 80ಕ್ಕೂ ಮೇಲೆ, ದೊಡ್ಡ ಹುಳುವಿಗೆ ಶೇಕಡ 70ರಷ್ಟು ಆರ್ದ್ರತೆ ಇರಬೇಕೆಂದು ಒದ್ದೆ ಗೋಣಿತಾಟು ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಮುಚ್ಚಿ ಕಾಯುತ್ತಾನೆ. ಮಳೆಗಾಲದಲ್ಲಿ, ಚಳಿಗಾಲದ ಮುಂಜಾನೆಗಳಲ್ಲಿ ಆ ತೇವ ಇನ್ನಷ್ಟು ಏರುತ್ತದೆ. ಅಂದರೆ ಶಿಲೀಂಧ್ರ ಬೇಕಾದ ಹೊಲದಲ್ಲಿ ಅದು ಸೋಲುತ್ತದೆ, ಬೇಡವಾದ ಮನೆಯಲ್ಲಿ ಗೆಲ್ಲುತ್ತದೆ. ಬಿವೇರಿಯಾ ಮಾತ್ರವಲ್ಲ, ಎಲೆ ತಿನ್ನುವ ಹುಳುವನ್ನು ಕೊಲ್ಲುವ ಆ ಮೆಟಾರೈಜಿಯಂ ರೈಲಿ ಕೂಡ ರೇಷ್ಮೆಹುಳುವಿಗೆ ಹಸಿರು ಸುಣ್ಣಕಟ್ಟು ತರುವ ಶಿಲೀಂಧ್ರವೇ. ಒಂದು ತಟ್ಟೆಯಲ್ಲಿ ಒಂದು ಹುಳು ಗಟ್ಟಿಯಾಗಿ ಸೆಟೆದು ಪುಡಿ ಬಿಟ್ಟರೆ ಸಾಕು, ಆ ಪುಡಿ ಕೈಗೆ, ಸೊಪ್ಪಿಗೆ, ಚಂದ್ರಿಕೆಗೆ ಅಂಟಿ ಇಡೀ ಬೆಳೆಯನ್ನು ಸುತ್ತುತ್ತದೆ. ಗೂಡು ಕಟ್ಟಲು ನಾಲ್ಕು ದಿನ ಉಳಿದಿರುವಾಗ ಹಾಗಾದರೆ ತಿಂದ ಸೊಪ್ಪಿನ ಖರ್ಚೂ ಹೋಯಿತು, ಗೂಡೂ ಹೋಯಿತು.

ಒಬ್ಬರ ಮಿತ್ರ ಇನ್ನೊಬ್ಬರ ಶತ್ರು ಎಂಬುದನ್ನು ಕರ್ನಾಟಕದ ರೇಷ್ಮೆ ಬೆಳೆಗಾರರು ಉಜಿ ನೊಣದಿಂದ ಚೆನ್ನಾಗಿ ಕಲಿತಿದ್ದಾರೆ. ಬಂಗಾಳದ ಕಡೆ ಮೊದಲಿನಿಂದ ಇದ್ದ ಈ ನೊಣ 1980ರಲ್ಲಿ, ಗೂಡುಗಳ ಜೊತೆ ಪಯಣಿಸಿ, ಕರ್ನಾಟಕಕ್ಕೆ ಬಂತು. ಮನೆನೊಣಕ್ಕಿಂತ ತುಸು ದೊಡ್ಡದು. ದೊಡ್ಡ ಹುಳುವಿನ ಮೈಮೇಲೆ ಸಾಸಿವೆಗಿಂತ ಚಿಕ್ಕ, ಕೆನೆ ಬಣ್ಣದ ಮೊಟ್ಟೆ ಅಂಟಿಸಿ ಹೋಗುತ್ತದೆ. ಮೊಟ್ಟೆಯೊಡೆದ ಮರಿ ಚರ್ಮ ತೂರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ, ಒಳಗೆ ಮಾಂಸ ತಿಂದು ಬೆಳೆದ ಮರಿ ಕೊನೆಗೆ ಹುಳುವನ್ನೋ ಗೂಡನ್ನೋ ತೂತು ಮಾಡಿಕೊಂಡು ಹೊರಬೀಳುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗದು. ಕೀಟಶಾಸ್ತ್ರದ ಲೆಕ್ಕದಲ್ಲಿ ಇದು ಹೊಲದಲ್ಲಿ ಕಂಬಳಿಹುಳುಗಳನ್ನು ಕೊಂದು ನಮಗೆ ಉಪಕಾರ ಮಾಡುವ ಪರತಂತ್ರ ನೊಣಗಳ ಕುಟುಂಬದ್ದೇ. ಇದರ ಹತೋಟಿಗೆ ಸಿಕ್ಕಿದ್ದು ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜ. ಅದು ಹುಡುಕುವುದು ನೊಣದ ಕೋಶವನ್ನು, ಮನೆಯ ಮೂಲೆಯಲ್ಲಿ, ಮಣ್ಣಿನ ಬಿರುಕಿನಲ್ಲಿ ಅವಿತಿರುವ ಕೋಶವನ್ನು. ಪಕ್ಕದಲ್ಲೇ ತಟ್ಟೆಯಲ್ಲಿ ಹರಿದಾಡುವ ರೇಷ್ಮೆಹುಳುವಿನ ತಂಟೆಗೆ ಅದು ಹೋಗುವುದಿಲ್ಲ. ಅದೇ ಕಾರಣಕ್ಕೆ ಈ ಕಣಜವನ್ನು ನೇರವಾಗಿ ಹುಳು ಮನೆಯೊಳಗೇ ಬಿಡಲು ಸಾಧ್ಯವಾಯಿತು. ಒಳ್ಳೆಯ ಆಯ್ಕೆ ಎಂದರೆ ಹೀಗಿರಬೇಕು: ಕೊಲ್ಲುವ ಶಕ್ತಿಯಷ್ಟೇ, ಕೊಲ್ಲದೆ ಬಿಡುವ ಗುಣವನ್ನೂ ನೋಡಿ ಆರಿಸಿದ್ದು.

ಶೇಂಗಾ ಹೊಲಕ್ಕೂ ಅಂಥ ಆಯ್ಕೆಗಳಿವೆ. ತಂಬಾಕು ಹುಳು ಎಂದು ಕರೆಯುವ ಸ್ಪೊಡಾಪ್ಟೆರಾಕ್ಕೆ ಎನ್‌ಪಿವಿ ಎಂಬ ನಂಜಾಣು ಇದೆ. ಈ ಜಾತಿಯ ನಂಜಾಣುಗಳು ತಮ್ಮ ತಮ್ಮ ಹುಳುವನ್ನು ಬಿಟ್ಟು ಹೆಚ್ಚು ಆಚೀಚೆ ಹೋಗುವುದಿಲ್ಲ. ರೇಷ್ಮೆಹುಳುವಿಗೆ ಹಾಲುತೊಂಡೆ ರೋಗ ತರುವುದು ಅದರದೇ ಬೇರೆ ನಂಜಾಣು. ಹೆಕ್ಟೇರಿಗೆ 250 ಎಲ್‌ಇ (250 ರೋಗಪೀಡಿತ ಹುಳುಗಳಿಗೆ ಸಮನಾದ) ಪ್ರಮಾಣದಲ್ಲಿ, ಹುಳು ಇನ್ನೂ ಎಳೆಯದಿರುವಾಗ, ಹೊತ್ತು ಇಳಿದ ಮೇಲೆ ಸಿಂಪಡಿಸಿದರೆ ವಾರದೊಳಗೆ ಹುಳುಗಳು ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ಜೋತು, ಒಳಗೆಲ್ಲ ನೀರಾಗಿ ಸಾಯುತ್ತವೆ. ನಡು ಹಗಲಲ್ಲಿ ಹೊಡೆದರೆ ಈ ಸೀಮೆಯ ಬಿಸಿಲೇ ನಂಜಾಣುವನ್ನು ಕೊಲ್ಲುತ್ತದೆ, ಆಮೇಲೆ ಔಷಧಿ ಸರಿಯಿಲ್ಲ ಎಂಬ ದೂರು. ಮೊಟ್ಟೆಯ ಹಂತದಲ್ಲೇ ತಡೆಯಲು ಟ್ರೈಕೋಗ್ರಾಮಾ ಕಾರ್ಡು ಕಟ್ಟಿ ಎಂಬ ಸಲಹೆಯೂ ಸುಲಭವಾಗಿ ಸಿಗುತ್ತದೆ, ಕಾರ್ಡೂ ಸುಲಭವಾಗಿ ಸಿಗುತ್ತದೆ. ಆದರೆ ಸ್ಪೊಡಾಪ್ಟೆರಾ ಮೊಟ್ಟೆ ಇಡುವ ಬಗೆ ನೋಡಿ. ಎಲೆಯಡಿ ನೂರಾರು ಮೊಟ್ಟೆಗಳನ್ನು ಒಂದರ ಮೇಲೊಂದು ಪದರವಾಗಿ ಪೇರಿಸಿ, ಮೇಲೆ ತನ್ನ ಮೈಯ ಕಂದು ರೋಮ ಹೊದಿಸುತ್ತದೆ. ಟ್ರೈಕೋಗ್ರಾಮಾಗೆ ಎಟಕುವುದು ಮೇಲಿನ ಪದರ ಮಾತ್ರ. ರೋಮದ ಹೊದಿಕೆ ತೂರಿ ಒಳಗಿನ ಮೊಟ್ಟೆಗಳಿಗೂ ತಲುಪಬಲ್ಲದ್ದು ಟೆಲಿನೋಮಸ್ ರೀಮಸ್ ಎಂಬ ಇನ್ನೊಂದು ಕಣಜ. 1960ರ ದಶಕದಲ್ಲಿ ನ್ಯೂಗಿನಿಯಿಂದ ಭಾರತಕ್ಕೆ ತಂದದ್ದು. 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಬಾರಿಗೆ ಕರ್ನಾಟಕದ ಮೆಕ್ಕೆಜೋಳದಲ್ಲಿ ಕಂಡಾಗ, ಯಾರೂ ಕರೆಯದೆಯೇ ಅದರ ಮೊಟ್ಟೆಗಳನ್ನು ಹುಡುಕಿಕೊಂಡು ಬಂದ ಶತ್ರುಗಳಲ್ಲಿ ಇದೂ ಒಂದು. ತೊಗರಿಯ ಕಾಯಿಕೊರಕ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತದೆ, ಅಲ್ಲಿ ಟ್ರೈಕೋಗ್ರಾಮಾ ಗೆಲ್ಲಬೇಕಿತ್ತು. ಆದರೆ ತೊಗರಿಯ ಹೂ, ಕಾಯಿಗಳ ಮೇಲಿನ ಅಂಟು ರೋಮಗಳಲ್ಲಿ ಆ ಸೂಕ್ಷ್ಮ ಕಣಜ ನಡೆಯಲಾರದೆ ಸಿಕ್ಕಿಕೊಳ್ಳುತ್ತದೆ. ಪೀಡೆ, ಬೆಳೆ, ಹವೆ ಮೂರೂ ಹೊಂದಿದರೆ ಮಾತ್ರ ಶತ್ರು ಶತ್ರುವಿನಂತೆ ಕೆಲಸ ಮಾಡುತ್ತದೆ.

ಇಷ್ಟು ಸೂಕ್ಷ್ಮ ನೋಡಿ ಆರಿಸುವುದು ಪ್ರಯೋಗಾಲಯದವರ ಮಡಿವಂತಿಕೆ, ಹೊಲದಲ್ಲಿ ಆಗುವ ಮಾತಲ್ಲ ಎಂಬ ಆಕ್ಷೇಪ ಇದೆ. ಆಗುತ್ತದೆ ಎಂಬುದಕ್ಕೆ ಹಿಪ್ಪುನೇರಳೆಯೇ ಸಾಕ್ಷಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪಾಯ ಹಿಟ್ಟುತಿಗಣೆ ಎರಡು ವರ್ಷಗಳಲ್ಲಿ ತಮಿಳುನಾಡು, ಕರ್ನಾಟಕದ ಪಪಾಯ, ಹಿಪ್ಪುನೇರಳೆ, ಮರಗೆಣಸು ತೋಟಗಳನ್ನು ಬೆಳ್ಳಗೆ ಮಾಡಿಬಿಟ್ಟಿತ್ತು. ಹಿಪ್ಪುನೇರಳೆಗೆ ಕಡು ಔಷಧಿ ಹೊಡೆದರೆ ಆ ಸೊಪ್ಪು ಹುಳುವಿಗೆ ವಿಷ, ಹೊಡೆಯದಿದ್ದರೆ ಸೊಪ್ಪೇ ಇಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎನಿಸಿಕೊಂಡಿರುವ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿ, ದಿಗ್ಬಂಧನದಲ್ಲಿಟ್ಟು ಪರೀಕ್ಷಿಸಿ, ಬಳಿಕವೇ ಹೊರಗೆ ಬಿಟ್ಟಿತು. ಅವುಗಳಲ್ಲಿ ಅಸಿರೋಫೇಗಸ್ ಪಪಾಯೆ ಎಂಬುದು ಒಂದು ಮಿಲಿಮೀಟರಿನಷ್ಟೂ ಇಲ್ಲದ ಹಳದಿ ಕಣಜ. ಅದು ಈ ನೆಲದಲ್ಲಿ ನೆಲೆನಿಂತು ಹಿಟ್ಟುತಿಗಣೆಯನ್ನು ಹದ್ದುಬಸ್ತಿಗೆ ತಂದಿತು. ಬೇರೆ ಹಿಟ್ಟುತಿಗಣೆಗಳ ಮೇಲೆ ಅದು ಬಾಳಲಾರದು, ಅದರ ಗೆಲುವಿನ ಗುಟ್ಟೂ ಅದೇ. ಇದಕ್ಕೆ ವಿರುದ್ಧವಾದ ಹಳೆಯ ಪಾಠ ನಮ್ಮ ಬಯಲುಸೀಮೆಗೆ ಪರಿಚಿತವಾದ ಪಾಪಾಸುಕಳ್ಳಿಯದು. ಕೆಂಪು ಬಣ್ಣಕ್ಕಾಗಿ ಬೇಕಾಗಿದ್ದ ಕೋಚಿನಿಯಲ್ ಕೀಟ ಇದೇ ಎಂದು ತಪ್ಪು ತಿಳಿದು 1795ರಲ್ಲಿ ಬ್ರೆಜಿಲ್ ಕಡೆಯಿಂದ ಬಂಗಾಳಕ್ಕೆ ಒಂದು ಕೀಟವನ್ನು ತಂದರು. ಬಣ್ಣಕ್ಕೆ ಅದು ಒದಗಲಿಲ್ಲ, ಆದರೆ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಪಕ್ಕದಲ್ಲೇ ಇದ್ದ ಇನ್ನೊಂದು ಜಾತಿಯ ಕಳ್ಳಿಯನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೆ ಬೇಕಾದ ಬೇರೆ ಜಾತಿಯ ಕೋಚಿನಿಯಲ್ ಶ್ರೀಲಂಕಾದಿಂದ ಬಂದದ್ದು 1926ರಲ್ಲಿ. ಜಾತಿ ಒಂದಿಷ್ಟು ಬದಲಾದರೆ ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಗುತ್ತದೆ.

ಇಂಥ ಒಂದೇ ಹುಳುವನ್ನು ಹಿಡಿದು ಕೂರುವ ಶತ್ರುವಿಗಿಂತ ಸಿಕ್ಕಿದ್ದನ್ನೆಲ್ಲ ತಿನ್ನುವ ಶತ್ರು ರೈತನಿಗೆ ಲಾಭವಲ್ಲವೇ, ಒಂದೇ ಖರ್ಚಿನಲ್ಲಿ ಹತ್ತು ಪೀಡೆ ಹೋಗುತ್ತದಲ್ಲ ಎಂಬ ವಾದವೂ ಇದೆ. ಅದಕ್ಕೆ ನಮ್ಮ ಮುಂಗುಸಿಯ ಕಥೆ ಸಾಕು. ಕಬ್ಬಿನ ಗದ್ದೆಯ ಇಲಿಗಳನ್ನು ಹಿಡಿಯಲೆಂದು 1872ರಲ್ಲಿ ಕಲ್ಕತ್ತೆಯಿಂದ ಜಮೈಕಾಕ್ಕೆ ಒಂಬತ್ತು ಮುಂಗುಸಿಗಳನ್ನು ಒಯ್ದರು. ಇಲಿಗಳ ಜೊತೆ ಅಲ್ಲಿಯ ಹಕ್ಕಿ, ಹಲ್ಲಿ, ಹಾವುಗಳೂ ಹೋದವು. ಇನ್ನು ಗುಲಗಂಜಿ ಹುಳುವಿನ ಜಾತಿಗೆ ಸೇರಿದ ಕ್ರಿಪ್ಟೊಲಿಮಸ್. ಕಾಫಿಯ ಹಸಿರು ಶಲ್ಕಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದರೆ ಅದು ಆ ಕೆಲಸ ಮಾಡಲಿಲ್ಲ. ಹಿಟ್ಟುತಿಗಣೆ ತಿಂದುಕೊಂಡು ಇಲ್ಲೇ ಉಳಿಯಿತು, ಈಗ ಹಿಟ್ಟುತಿಗಣೆಯಿಂದ ಹಿಪ್ಪುನೇರಳೆಗೆ ಬರುವ ಟುಕ್ರಾದ ಹತೋಟಿಗೆ ಉಪಕಾರಿ. ಹಾಗೆ ಅದೃಷ್ಟದಿಂದ ಒಳ್ಳೆಯದಾದದ್ದು ಇದೆ, ನಿಜ. ನೀತಿಯನ್ನು ಅದೃಷ್ಟದ ಮೇಲೆ ಕಟ್ಟಲಾಗದು.

ಇನ್ನೊಂದು ಆಕ್ಷೇಪವನ್ನು ನಾನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ರೇಷ್ಮೆಗೆ ರಾಸಾಯನಿಕ ಕೀಟನಾಶಕ ಇನ್ನೂ ದೊಡ್ಡ ಅಪಾಯ, ಶಿಲೀಂಧ್ರ, ಬಿಟಿಗಳ ಬಗ್ಗೆ ಹೀಗೆ ಅನುಮಾನ ಹುಟ್ಟಿಸಿದರೆ ರೈತ ಮತ್ತೆ ಕಡು ಔಷಧಿಯ ಡಬ್ಬಿಗೇ ಕೈಹಾಕುತ್ತಾನೆ ಎಂಬುದು. ಅಪಾಯ ದೊಡ್ಡದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ರಾಸಾಯನಿಕದ ಬಗ್ಗೆ ರೇಷ್ಮೆ ಬೆಳೆಗಾರನಿಗೆ ಭಯವಿದೆ. ಪಕ್ಕದವರು ಹೊಡೆದರೆಂದು ಗೊತ್ತಾದರೆ ಆ ಸಾಲಿನ ಸೊಪ್ಪು ಕೊಯ್ಯುವುದಿಲ್ಲ. ಜೈವಿಕ ಎಂದು ಬರೆದ ಪೊಟ್ಟಣದ ಬಗ್ಗೆ ಆ ಭಯವಿಲ್ಲ, ಹಾಗಾಗಿ ಎಚ್ಚರವೂ ಇಲ್ಲ. ಎಚ್ಚರಿಕೆ ಹೇಳುವುದರಿಂದ ನಂಬಿಕೆ ಕೆಡುವುದಿಲ್ಲ. ಒಂದು ಸಲ ಹುಳು ಮನೆ ಪೂರ್ತಿ ಸುಣ್ಣಗಟ್ಟಿದರೆ ಆಗ ಕೆಡುವ ನಂಬಿಕೆ ಮತ್ತೆ ಬಾರದು. ಮೇಲಾಗಿ ಈ ಸೀಮೆಯ ಮುಖ್ಯ ಪೀಡೆಗಳಿಗೆ ಅಂಗಡಿಯಿಂದ ಏನನ್ನೂ ತರಬೇಕಾಗಿಲ್ಲದ ಸಂದರ್ಭಗಳೇ ಹೆಚ್ಚು. ಕೆಂಪು ತಲೆ ಕಂಬಳಿಹುಳುವನ್ನೇ ತೆಗೆದುಕೊಳ್ಳಿ. ಅದರ ಕೋಶಗಳು ಬೇಸಿಗೆಯಿಡೀ ಮಣ್ಣಿನಲ್ಲಿ, ಬದುವಿನ ಬುಡದಲ್ಲಿ ಮಲಗಿರುತ್ತವೆ. ಮಾಗಿ ಉಳುಮೆ ಮಾಡಿದರೆ ನೇಗಿಲ ಹಿಂದೆಯೇ ಬೆಳ್ಳಕ್ಕಿ, ಕಾಗೆ, ಗೊರವಂಕಗಳು ಸಾಲುಗಟ್ಟಿ ಆರಿಸಿಕೊಂಡು ತಿನ್ನುತ್ತವೆ. ಮೊದಲ ದೊಡ್ಡ ಮಳೆಯ ಬಳಿಕದ ಸಂಜೆಗಳಲ್ಲಿ ಪತಂಗಗಳು ಒಟ್ಟಿಗೆ ಮೇಲೇಳುವಾಗ ಊರವರೆಲ್ಲ ಸೇರಿ ಬದುವಿನ ಮೇಲೆ ಬೆಂಕಿ ಹಾಕುವ ಪದ್ಧತಿ ಹಳೆಯದು. ಒಬ್ಬಿಬ್ಬರು ಮಾಡಿದರೆ ಪ್ರಯೋಜನವಿಲ್ಲ, ಪಕ್ಕದ ರಾಯದುರ್ಗ, ಕಲ್ಯಾಣದುರ್ಗದ ಕಡೆಯವರೂ ಅದೇ ವಾರ ಮಾಡಬೇಕು. ಶೇಂಗಾದ ಎಲೆ ಮಡಿಸಿ ತಿನ್ನುವ ಸುರುಳಿ ಪೂಚಿ ಮಳೆ ಕೈಕೊಟ್ಟಾಗ ಉಲ್ಬಣಿಸುತ್ತದೆ, ಒಂದು ಜೋರು ಮಳೆ ಬಿದ್ದರೆ ಇಳಿಯುತ್ತದೆ. ಅದರ ಮರಿಗಳನ್ನು ಎಲೆಯ ಮಡಿಕೆಯೊಳಗೇ ಹುಡುಕಿ ಮೊಟ್ಟೆ ಇಡುವ ಕಣಜಗಳು ಹೊಲದಲ್ಲಿ ಮೊದಲೇ ಇರುತ್ತವೆ. ಆ ಕಣಜಗಳಿಗೆ ಬೇಕಾದದ್ದು ಬದುವಿನ ತುಂಬೆಯಂಥ ಸಣ್ಣ ಹೂಗಳ ಮಕರಂದ, ಮತ್ತು ಆತುರದ ಒಂದು ಸಿಂಪಡಣೆಯಿಂದ ಮುಕ್ತಿ. ಮೊದಲ ತಿಂಗಳಲ್ಲಿ ಶೇಂಗಾದ ಎಲೆ ಕಾಲುಭಾಗ ಹೋದರೂ ಗಿಡ ಚೇತರಿಸಿಕೊಳ್ಳುತ್ತದೆ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿನಲ್ಲಿ ಮಾತ್ರ ಆ ಸಡಿಲ ಇಲ್ಲ.

ಎಲ್ಲ ತಳಿಗಳೂ ಒಂದೇ ಅಲ್ಲ, ಬಿವೇರಿಯಾದಲ್ಲಿ ರೇಷ್ಮೆಹುಳುವಿಗೆ ಅಷ್ಟೇನೂ ತಾಗದ ತಳಿಗಳೂ ಇವೆ ಎಂದು ಬಲ್ಲವರು ಹೇಳುತ್ತಾರೆ. ಮಾತು ಸರಿ. ಗೊಣ್ಣೆಹುಳುವಿಗೆಂದು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಹಾಕುವ ಮೆಟಾರೈಜಿಯಂ, ಎಲೆಗೆ ಸಿಂಪಡಿಸುವುದಕ್ಕಿಂತ ಕಡಿಮೆ ಅಪಾಯದ್ದು ಎಂಬುದೂ ಸರಿ. ಆದ್ದರಿಂದಲೇ ಎಲ್ಲವನ್ನೂ ನಿಷೇಧಿಸಿ ಎಂದು ನಾನು ಹೇಳುತ್ತಿಲ್ಲ, ತಳಿ ತಳಿಯಾಗಿ ಪರೀಕ್ಷಿಸಿ ಎನ್ನುತ್ತಿದ್ದೇನೆ. 1968ರ ಕೀಟನಾಶಕ ಕಾಯ್ದೆಯಡಿ ಸೂಕ್ಷ್ಮಾಣು ಕೀಟನಾಶಕಗಳು ನೋಂದಣಿಯಾಗಬೇಕು, ಆಗ ತಳಿಯ ಗುರುತೂ ದಾಖಲಾಗುತ್ತದೆ. ಆ ಗುರುತು ಹಿಡಿದು ಇಲ್ಲಿ ಮಾರಾಟವಾಗುವ ಪ್ರತಿ ತಳಿಯ ದ್ರಾವಣವನ್ನು ಹೊಲಕ್ಕೆ ಹೊಡೆಯುವ ಪ್ರಮಾಣದಲ್ಲೇ ಹಿಪ್ಪುನೇರಳೆ ಸೊಪ್ಪಿಗೆ, ಹುಳುವಿನ ಮೈಗೆ ಸಿಂಪಡಿಸಿ, ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಮುಗಿಸಿ ಎದ್ದ ಹುಳುಗಳನ್ನು ನಿಜವಾದ ಹುಳು ಮನೆಯ ತೇವದಲ್ಲಿ ಸಾಕಿ, ಗೂಡು ಕಟ್ಟುವವರೆಗೆ ಕಾದರೆ ಉತ್ತರ ಸಿಗುತ್ತದೆ. ಒಂದು ತಳಿಗೆ ಹದಿನೈದು ದಿನವೂ ಬೇಡ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ, ಹೆಬ್ಬಾಳದ ಬ್ಯೂರೋ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರ ಮೂರಕ್ಕೂ ಇದರ ಶಕ್ತಿ ಇದೆ. ತೊಡಕಿರುವುದು ಬೇರೆ ಕಡೆ: ಶೇಂಗಾ ಕೃಷಿ ಇಲಾಖೆಯದು, ದಾಳಿಂಬೆ, ಈರುಳ್ಳಿ ತೋಟಗಾರಿಕೆ ಇಲಾಖೆಯದು, ಹಿಪ್ಪುನೇರಳೆ ರೇಷ್ಮೆ ಇಲಾಖೆಯದು, ಹೊಲ ಮಾತ್ರ ಒಬ್ಬನೇ ರೈತನದು. ಈ ಮೂರೂ ಇಲಾಖೆಗಳ ತಾಲ್ಲೂಕು ಅಧಿಕಾರಿಗಳು ಒಂದೆಡೆ ಕೂತು, ಯಾವ ಹೋಬಳಿಯಲ್ಲಿ ಹಿಪ್ಪುನೇರಳೆ ಇದೆ, ಅಲ್ಲಿ ಯಾವ ಶತ್ರುವನ್ನು ಬಳಸಬಹುದು, ಯಾವುದನ್ನು ಹುಳು ಮನೆಯಿಂದ ಎಷ್ಟು ದೂರ ಇಡಬೇಕು, ಯಾವುದು ಬೇಡವೇ ಬೇಡ ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ರೈತ ಸಂಪರ್ಕ ಕೇಂದ್ರಗಳಲ್ಲಿ ಬಿತ್ತನೆ ಶೇಂಗಾ ವಿತರಣೆ ಶುರುವಾಗುವ ಮೊದಲು ಆ ಹಾಳೆ ಸಿದ್ಧವಾದರೆ ಬೀಜದ ಚೀಲದ ಜೊತೆಯಲ್ಲೇ ಅದನ್ನೂ ಕೊಟ್ಟು ಕಳಿಸಬಹುದು.